ಹಣಕ್ಕಿಂತ ಮೊದಲು ಚಾಸಿ ನಂಬರ್: ಶಿವಮೊಗ್ಗ, ಸಾಗರದ ಸಾರಿಗೆ ಅಧಿಕಾರಿಗಳಿಗೂ ಕಾರು ಕೊಳ್ಳುವ ಮಲೆನಾಡಿಗರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೊನೆ ಕೊಯ್ಲು ಮುಗಿದು, ಅಡಕೆ ಮಂಡಿಗೆ ಹೋಗಿ, ದುಡ್ಡು ಕೈಗೆ ಬರುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಮನೆಗಳಲ್ಲಿ ಕಾರಿನ ಮಾತು ಶುರುವಾಗುತ್ತದೆ. ಮಂಡಿಯಲ್ಲಿ ಚೀಲ ಬಿಚ್ಚಿ, ನಾಲ್ಕು ಅಡಕೆ ಕತ್ತರಿಸಿ ಒಳಗಿನ ಬಣ್ಣ ನೋಡದೆ ಯಾರೂ ದರ ಹೇಳುವುದಿಲ್ಲ. ಅದೇ ದುಡ್ಡನ್ನು ಶೋರೂಮಿಗೆ ಒಯ್ದರೆ ಕ್ರಮವೇ ತಿರುಗುಮುರುಗು. ದರ ಮೊದಲು, ದುಡ್ಡು ಆಮೇಲೆ, ಮಾಲು ಕಣ್ಣಿಗೆ ಬೀಳುವುದು ಕಟ್ಟಕಡೆಗೆ. ಅದೂ ಹಾರ ಹಾಕಿ, ರಿಬ್ಬನ್ ಕಟ್ಟಿ, ಮನೆಮಂದಿಯನ್ನೆಲ್ಲ ಫೋಟೋಗೆ ನಿಲ್ಲಿಸಿದ ಮೇಲೆ.

ಕಾರು ಮಾರಾಟದ ಮೋಸಗಳ ಕಡತಗಳನ್ನು ದಿನವೂ ತಿರುವಿ ಹಾಕುವ ವಕೀಲರು ನಾವು. ಹೇಳಬೇಕಾದ ಮಾತು ಒಂದೇ. ಪೂರ್ತಿ ಹಣ ಕಟ್ಟುವ ಮೊದಲು ಕೊಳ್ಳುವವರ ಕೈಗೆ ಅವರದೇ ಕಾರಿನ ಚಾಸಿ ನಂಬರ್, ಅಂದರೆ ಬಾಡಿಯ ಮೇಲೆ ಕೊರೆದಿರುವ ಆ ಕಾರೊಂದರದೇ ಗುರುತಿನ ಸಂಖ್ಯೆ, ಬರಬೇಕು, ಆ ನಂಬರಿನ ಕಾರನ್ನು ಅವರು ಹಗಲು ಬೆಳಕಿನಲ್ಲಿ ನೋಡಿರಬೇಕು. ಇದೊಂದು ಆದರೆ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಈ ಮಾತು ಈಗ ಹೆಚ್ಚು ಮುಖ್ಯವಾಗಲು ಕಾರಣವಿದೆ. ಮೊದಲು ಹೊಸ ಕಾರು ಆರ್‌ಟಿಓ ಮೈದಾನಕ್ಕೆ ಬರುತ್ತಿತ್ತು, ಇನ್ಸ್‌ಪೆಕ್ಟರ್ ಚಾಸಿ ನಂಬರನ್ನು ಕಣ್ಣಾರೆ ನೋಡುತ್ತಿದ್ದರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ರಾಜ್ಯದೊಳಗಿನ ಅಧಿಕೃತ ಡೀಲರ್ ಮಾರಿದ ಹೊಸ ಕಾರಿನ ನೋಂದಣಿ ಅರ್ಜಿ ಹಾಕುವುದು ಡೀಲರ್ ಕೆಲಸ. ಕಾರು ಆರ್‌ಟಿಓ ಮುಂದೆ ಬರಬೇಕಾಗಿಲ್ಲ. ಜನರಿಗೆ ಅಲೆದಾಟ ತಪ್ಪಿತು, ಒಳ್ಳೆಯದೇ. ಆದರೆ ಮಾರುವವನಲ್ಲದ ಒಂದು ಜೊತೆ ಕಣ್ಣು ಆ ಕಾರಿನ ಮೇಲೆ ಬೀಳುವುದೂ ನಿಂತಿತು. ಈಗ ಆ ಕಣ್ಣು ಕೊಳ್ಳುವವರದೇ ಆಗಬೇಕು. ಅದಕ್ಕೆ ತಾವು ಆಸರೆಯಾಗಬೇಕು.

ಚಾಸಿ ನಂಬರಿನಲ್ಲಿ 17 ಅಕ್ಷರ, ಅಂಕಿಗಳಿರುತ್ತವೆ. ಬಹಳಷ್ಟು ಕಂಪನಿಗಳಲ್ಲಿ 10ನೆಯದು ವರ್ಷದ ಸಂಕೇತ. ಪಿ ಎಂದರೆ 2023, ಆರ್ ಎಂದರೆ 2024, ಎಸ್ ಎಂದರೆ 2025, ಟಿ ಎಂದರೆ 2026. ಸೊನ್ನೆಯ ಹಾಗೆ ಕಾಣುವ ಓ ಮತ್ತು ಕ್ಯೂ ಬಳಸುವುದಿಲ್ಲ, ಹಾಗಾಗಿ ಪಿ ಆದ ಮೇಲೆ ನೇರ ಆರ್. ತಿಂಗಳ ಸಂಕೇತ ಮಾತ್ರ ಒಂದೊಂದು ಕಂಪನಿಯಲ್ಲಿ ಒಂದೊಂದು ಜಾಗದಲ್ಲಿರುತ್ತದೆ, ಅದನ್ನು ಊಹಿಸಲು ಹೋಗಬೇಡಿ. ನಮೂನೆ 21 ಎಂಬ ಮಾರಾಟ ಪ್ರಮಾಣಪತ್ರದಲ್ಲಿ ತಯಾರಾದ ತಿಂಗಳು ಮತ್ತು ವರ್ಷಕ್ಕೆಂದೇ ಒಂದು ಸಾಲಿದೆ. ಆ ಸಾಲು, ತಯಾರಕರು ಕೊಡುವ ನಮೂನೆ 22, ಬಿಲ್ಲು, ವಿಮೆ ಪಾಲಿಸಿ, ಬಾಡಿಯ ಮೇಲೆ ಕೊರೆದ ನಂಬರ್, ಈ ಐದೂ ಒಂದೇ ಹೇಳಬೇಕು. ಕಾರೂ ಸಾಕ್ಷಿ ಹೇಳುತ್ತದೆ. ಟೈರಿನ ಬದಿಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. 3224 ಎಂದರೆ 2024ರ 32ನೇ ವಾರ. ನಾಲ್ಕು ಟೈರು, ಸ್ಟೆಪ್ನಿ, ಸೀಟ್ ಬೆಲ್ಟಿನ ಬುಡದ ಚೀಟಿ, ಇವುಗಳ ತಾರೀಕು ಕಾರು ತಯಾರಾದ ತಿಂಗಳಿಗಿಂತ ಸ್ವಲ್ಪ ಹಿಂದಿನವಾಗಿರಬೇಕು. ಕಾರು ಹಳೆಯದಾಗಿ ಟೈರು ಮಾತ್ರ ಹೊಸದಿದ್ದರೆ ಏಕೆ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ವರ್ಷ ಮುಚ್ಚಿಟ್ಟು ಮಾರಿದ ಪ್ರಕರಣವೊಂದು ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಗೋವಾದಲ್ಲಿ 2011ರ ಕಾರಿಗೆಂದು ಹಣ ಕಟ್ಟಿದವರಿಗೆ ಸಿಕ್ಕಿದ್ದು 2009ರಲ್ಲಿ ತಯಾರಾಗಿ, ಆಗಲೇ 622 ಕಿ.ಮೀ. ಓಡಿದ್ದ, ತಳಭಾಗಕ್ಕೆ ತುಕ್ಕು ಹಿಡಿದಿದ್ದ ಕಾರು. 2021ರ ಫೆಬ್ರವರಿಯಲ್ಲಿ ತೀರ್ಪು ಬಂದಾಗ ತಯಾರಕ ಕಂಪನಿ ಹೊಣೆಯಿಂದ ಪಾರಾಯಿತು. ಕಂಪನಿಯಿಂದ ಕಾರು ಕೊಂಡು ತನ್ನ ಲೆಕ್ಕದಲ್ಲಿ ಮಾರುವವನು ಡೀಲರ್, ಅವನು ಕಂಪನಿಯ ಏಜೆಂಟನಲ್ಲ. ಅವನು ಮಾಡಿದ್ದು ಕಂಪನಿಗೆ ಗೊತ್ತಿತ್ತು ಎಂದು ದೂರಿನಲ್ಲಿ ನಿರ್ದಿಷ್ಟವಾಗಿ ಹೇಳಿರಲಿಲ್ಲ, ಸಾಬೀತೂ ಆಗಿರಲಿಲ್ಲ. ನಮ್ಮ ಕಿರಿಯ ವಕೀಲ ಮಿತ್ರರು ಈ ತೀರ್ಪನ್ನು ಮನಸ್ಸಿಟ್ಟು ಓದಬೇಕು. ದೊಡ್ಡ ಹೆಸರು ಸೇರಿಸಿದರೆ ಬಲ ಬರುತ್ತದೆ ಎಂದು ಕಂಪನಿಯನ್ನು ಎದುರುದಾರರ ಪಟ್ಟಿಗೆ ಹಾಕಿ, ಅದರ ವಿರುದ್ಧ ಒಂದು ಸಾಲನ್ನೂ ಬರೆಯದ ದೂರುಗಳು ಇಂದಿಗೂ ದಾಖಲಾಗುತ್ತಿವೆ.

ಇನ್ನು ಪೆಟ್ಟು ತಿಂದ ಹೊಸ ಕಾರು. ಲಾರಿಯಲ್ಲಿ ಬರುವಾಗಲೋ ಯಾರ್ಡಿನಲ್ಲೋ ತಗುಲಿ, ಡೆಂಟ್ ತೆಗೆದು, ಬಣ್ಣ ಬಳಿದು ಹೊಸದರ ಬೆಲೆಗೇ ದಾಟಿಸುವುದು. ಪತ್ತೆ ಹಚ್ಚುವುದು ಕಷ್ಟವಲ್ಲ. ಬಾನೆಟ್ ತೆಗೆದು ಅದರ ಹಿಂಜಿನ ಬೋಲ್ಟ್ ತಲೆಗಳನ್ನು ಹತ್ತಿರದಿಂದ ನೋಡಿ. ಫ್ಯಾಕ್ಟರಿಯಲ್ಲಿ ಬೋಲ್ಟ್ ಬಿಗಿದ ಮೇಲೆ ಬಣ್ಣ ಬಿದ್ದಿರುವುದರಿಂದ ಮೂಲೆಗಳು ಅಖಂಡವಾಗಿರುತ್ತವೆ. ಪಾನಾ ಹಾಕಿ ಬಿಚ್ಚಿದ್ದರೆ ಆರು ಮೂಲೆಗಳಲ್ಲಿ ಎರಡಾದರೂ ಬಣ್ಣ ಕಿತ್ತು ಬೆಳ್ಳಗೆ ಹೊಳೆಯುತ್ತವೆ. ಫೆಂಡರ್, ಬಾಗಿಲು, ಡಿಕ್ಕಿಯ ಬೋಲ್ಟುಗಳದೂ ಅದೇ ಕತೆ. ಬಾಗಿಲಿನ ರಬ್ಬರನ್ನು ಉಗುರಿನಿಂದ ಸ್ವಲ್ಪ ಎತ್ತಿದರೆ ಮರುಬಣ್ಣದ ಧೂಳು ಅಂಚಿನಲ್ಲಿ ಅಂಟಿರುತ್ತದೆ. ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು. ಒಂದು ಬಾಗಿಲು 120 ತೋರಿಸಿ ಪಕ್ಕದ್ದು 280 ತೋರಿಸಿದರೆ ಆ ಕಾರು ಬೇಡ ಎನ್ನಿ. ಸಂಜೆ ಆರರ ಮೇಲೆ ಶೋರೂಮಿನ ದೀಪದ ಕೆಳಗೆ ಇದಾವುದೂ ಕಾಣುವುದಿಲ್ಲ. ಮಳೆಯಲ್ಲಿ ನೆಂದ ಕಾರಿನ ಮೇಲಂತೂ ಗೀರು ಕೂಡ ಕಾಣದು, ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ನೆನಪಿರಲಿ.

ಡೆಲಿವರಿ ದಿನ ಸಹಿ ಹಾಕಿಸುವ ಕಾಗದದ ಕಟ್ಟಿನಲ್ಲಿ ‘ವಾಹನವನ್ನು ಸಂಪೂರ್ಣ ಪರಿಶೀಲಿಸಿ ತೃಪ್ತನಾಗಿ ಪಡೆದಿದ್ದೇನೆ’ ಎಂಬ ಒಂದು ಹಾಳೆ ಇದ್ದೇ ಇರುತ್ತದೆ. ಆಮೇಲೆ ಆಯೋಗದಲ್ಲಿ ಡೀಲರ್ ಪರ ವಕೀಲರು ಮೊದಲು ತೋರಿಸುವುದೇ ಅದನ್ನು. ಸಹಿ ಮಾಡಲೇಬೇಕಾದರೆ ಸಹಿಯ ಕೆಳಗೆ ದಿನಾಂಕ, ಗಂಟೆ, ಓಡೋಮೀಟರ್ ಅಂಕಿ ಬರೆಯಿರಿ. ‘ತಳಭಾಗ ನೋಡಲು ಅವಕಾಶ ಕೊಟ್ಟಿಲ್ಲ’ ಎಂಬಂಥ ಸಂಗತಿಯಿದ್ದರೆ ಅದನ್ನೂ ಕನ್ನಡದಲ್ಲೇ ಬರೆದು ಫೋಟೋ ತೆಗೆದುಕೊಳ್ಳಿ.

ಬಿಲ್ಲಿನ ವಿಚಾರಕ್ಕೆ ಬರೋಣ. ‘ಆನ್ ರೋಡ್’ ಎಂಬ ಒಂದೇ ಮೊತ್ತ ಹೇಳಿದರೆ ಒಪ್ಪಬೇಡಿ, ಬಿಡಿಸಿ ಬರೆಯಿಸಿ. ಎಕ್ಸ್‌ಶೋರೂಮ್ ಬೆಲೆ, ಜೀವಾವಧಿ ತೆರಿಗೆ, ನೋಂದಣಿ ಶುಲ್ಕ, ವಿಮೆ, ಕಾರು 10 ಲಕ್ಷ ದಾಟಿದರೆ ಶೇ. 1ರ ಟಿಸಿಎಸ್ (ಮಾರುವವರೇ ನಿಮ್ಮಿಂದ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ). ಕಡ್ಡಾಯವಾದವು ಮುಖ್ಯವಾಗಿ ಇವು. ಸ್ವಂತ ಬಳಕೆಯ ಕಾರಿಗೆ ಕೇಂದ್ರ ಮೋಟಾರು ವಾಹನ ನಿಯಮದ ನೋಂದಣಿ ಶುಲ್ಕ 600 ರೂಪಾಯಿ, ಸಾಲದ ನಮೂದಿಗೆ 1,500. ‘ರಿಜಿಸ್ಟ್ರೇಷನ್ ಚಾರ್ಜಸ್’ ಎಂದು ಎಂಟೊಂಬತ್ತು ಸಾವಿರ ಹಾಕಿದ್ದರೆ ತೆರಿಗೆ ಬಿಟ್ಟು ಉಳಿದದ್ದು ಯಾವುದಕ್ಕೆ ಎಂದು ಕೇಳಿ, ಸರ್ಕಾರಿ ರಸೀದಿ ಪಡೆಯಿರಿ. 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಒದಗಿಸುವುದು ತಯಾರಕರ ಹೊಣೆ, ಡೀಲರ್ ಅದನ್ನು ಅಳವಡಿಸಿಯೇ ಕೊಡಬೇಕು. ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’, ‘ಡಿಪೋ’ ಎಂಬ ಹೆಸರಿನ ವಸೂಲಿಗೆ ಆಧಾರವೇನು ಎಂದು ಒಂದು ಇಮೇಲ್ ಕಳಿಸಿ ನೋಡಿ. ಬಹಳ ಸಲ ಉತ್ತರದ ಬದಲು ಆ ಸಾಲೇ ಬಿಲ್ಲಿನಿಂದ ಮಾಯವಾಗುತ್ತದೆ. ಟಿಸಿಎಸ್ ಹಣ ನಿಮ್ಮದೇ, ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಡೀಲರ್ ಅದನ್ನು ನಿಮ್ಮ ಪ್ಯಾನ್ ಹೆಸರಿಗೆ ಕಟ್ಟಿದ್ದಾನೆಯೇ ಎಂದು ಮುಂದಿನ ತ್ರೈಮಾಸಿಕದಲ್ಲಿ ನೋಡಿಕೊಳ್ಳಿ.

ಮಲೆನಾಡಿಗೆಂದೇ ಹೊಲಿದಂಥ ಒಂದು ಮಾರಾಟ ಇದೆ: ‘ಮಳೆ ಹೆಚ್ಚು ಸಾರ್, ಅಂಡರ್‌ಬಾಡಿ ಕೋಟಿಂಗ್ ಬೇಕೇ ಬೇಕು.’ ತುಕ್ಕಿನ ಭಯ ಸುಳ್ಳಲ್ಲ, ನಮ್ಮ ಮಣ್ಣು ರಸ್ತೆಯ ಕೆಸರು ಚಾಸಿಗೆ ಮೆತ್ತಿದರೆ ವಾರಗಟ್ಟಲೆ ಒಣಗುವುದಿಲ್ಲ. ಆದರೆ ಅವಸರದಲ್ಲಿ ಹೊಡೆದ ಕೋಟಿಂಗ್ ತುಕ್ಕನ್ನು ತಾನೇ ಕರೆಯುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ, ಫುಟ್‌ಬೋರ್ಡಿನ ಅಡಿಯಲ್ಲಿ ನೀರು ಹರಿದು ಹೋಗಲೆಂದು ಬೆರಳು ತುದಿಯಷ್ಟು ತೂತುಗಳಿರುತ್ತವೆ. ಟಾರಿನಂಥ ಆ ಪದರ ಅವುಗಳನ್ನು ಮುಚ್ಚಿದರೆ ಒಳಗೆ ನಿಂತ ನೀರು ಒಳಗಿನಿಂದಲೇ ತಿನ್ನುತ್ತದೆ. ಹಾಕಿಸುವುದಾದರೆ ತೂತುಗಳಿಗೆ ಟೇಪ್ ಅಂಟಿಸಿ ಹೊಡೆಯಿರಿ ಎಂದು ಬರೆದುಕೊಡಿ. ತುಕ್ಕಿಗೆ ಕಂಪನಿ ಕೊಡುವ ವಾರಂಟಿ ಇದರಿಂದ ರದ್ದಾಗುವುದಿಲ್ಲ ಎಂಬ ಮಾತನ್ನೂ ಬರಹದಲ್ಲಿ ಪಡೆಯಿರಿ.

ಹಣವನ್ನು ಡೀಲರ್ ಸಂಸ್ಥೆಯ ಖಾತೆಗೇ ಕಟ್ಟಿ. ‘ಈ 50 ಸಾವಿರ ನನ್ನ ಫೋನ್‌ಪೇಗೆ ಹಾಕಿ, ಡಿಸ್ಕೌಂಟ್ ಹೊಂದಿಸುತ್ತೇನೆ’ ಎಂದ ಸೇಲ್ಸ್ ಹುಡುಗ ನಾಳೆ ಕೆಲಸ ಬಿಟ್ಟಿರುತ್ತಾನೆ, ಸಂಸ್ಥೆ ತನಗೆ ಬಂದಿಲ್ಲ ಎನ್ನುತ್ತದೆ. ಮಂಡಿಯ ದುಡ್ಡೆಂದು ಚೀಲದಲ್ಲಿ ನಗದು ಒಯ್ಯುವುದೂ ಬೇಡ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಹಾಗೆ ಪಡೆದವರು ರಸೀದಿಯನ್ನು ಚೂರು ಚೂರು ಮಾಡಿ ಬೇರೆ ಬೇರೆ ಹೆಸರಿಗೆ ಬರೆಯುತ್ತಾರೆ, ಆಮೇಲೆ ಲೆಕ್ಕ ಕೂಡುವುದೇ ಇಲ್ಲ.

ವಿಮೆ ಎಲ್ಲಿ ಬೇಕಾದರೂ ಮಾಡಿಸಬಹುದು. ಡೀಲರುಗಳು ತಮ್ಮಲ್ಲೇ ಮಾಡಿಸಿ ಎಂದು ಒತ್ತಾಯಿಸುವಂತಿಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿದೆ. ಇದಕ್ಕಿಂತ ಅಪಾಯಕಾರಿಯಾದದ್ದು ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಆಟ. ಹೊಸ ಕಾರಿನ ಪಾಲಿಸಿಯಲ್ಲಿ ಶೇ. 50 ಬೋನಸ್ ಕಳೆದು ಪ್ರೀಮಿಯಂ ಅಗ್ಗ ಮಾಡಿ ತೋರಿಸುತ್ತಾರೆ. ಆ ಬೋನಸ್ ನಿಮ್ಮ ಹಳೆಯ ಕಾರಿನಿಂದ ನೀವೇ ಗಳಿಸಿದ್ದಲ್ಲದಿದ್ದರೆ, ಅದಕ್ಕೆ ಹಳೆಯ ವಿಮಾ ಕಂಪನಿಯ ಪತ್ರವಿಲ್ಲದಿದ್ದರೆ, ಅಪಘಾತವಾದ ದಿನ ಸುಳ್ಳು ಘೋಷಣೆಯ ನೆಪದಲ್ಲಿ ಕ್ಲೇಮ್ ನಿಂತುಹೋಗುತ್ತದೆ. ಪಾಲಿಸಿ ಬಂದ ದಿನವೇ ಬೋನಸ್ ಸಾಲು ಓದಿ.

ಹಳೆ ಕಾರು ಕೊಳ್ಳುವವರಿಗೆ ಇಲ್ಲಿನ ದೊಡ್ಡ ಅಪಾಯ ನೀರು ಕುಡಿದ ಕಾರು. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ಬಡಾವಣೆಗಳಿಗೇ ನುಗ್ಗಿದ್ದಳು. ಹೊರಗಿನಿಂದಲೂ ಇಂಥವು ಬರುತ್ತವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ, 2023ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಮುಳುಗಿದ ಕಾರುಗಳೆಲ್ಲ ಗುಜರಿಗೇ ಹೋಗಿವೆ ಎಂದು ನಂಬುವುದು ಕಷ್ಟ. ಹೊರಗಿನವರು ಬರೆದ ಸಲಹೆಗಳಲ್ಲಿ ‘ತಳಭಾಗದ ತುಕ್ಕು ನೋಡಿ’ ಎಂದಿರುತ್ತದೆ. ನಮ್ಮಲ್ಲಿ ಅದು ಕೆಲಸಕ್ಕೆ ಬಾರದು, ಆಗುಂಬೆ ಕಡೆ ನಾಲ್ಕು ಮಳೆಗಾಲ ಓಡಿದ ಯಾವ ಕಾರಿಗೂ ತಳದಲ್ಲಿ ತುಕ್ಕು ಇದ್ದೇ ಇದೆ. ನೋಡಬೇಕಾದದ್ದು ಒಳಗಿನ ತುಕ್ಕು. ಸೀಟನ್ನು ಪೂರ್ತಿ ಹಿಂದೆ ಸರಿಸಿ ಹಳಿಯ ಬೋಲ್ಟು ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಎಂದೂ ಹೊರಗೆ ಬಾರದ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ನುಣುಪು ಮಣ್ಣಿದೆಯೇ ಎಂದು ಬೆರಳಾಡಿಸಿ. ಸ್ಟಿಯರಿಂಗ್ ಕೆಳಗಿನ ಸ್ಕ್ಯಾನರ್ ಸಾಕೆಟ್‌ನ ಪಿನ್ನುಗಳು ಹಸಿರುಗಟ್ಟಿದ್ದರೆ ಮಾತು ಅಲ್ಲಿಗೇ ಮುಗಿಸಿ. ಕಿ.ಮೀ. ತಿರುಗಿಸಿದ್ದಾರೆಯೇ ಎಂಬುದಕ್ಕೆ ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆಯೇ ಗಟ್ಟಿ ಸಾಕ್ಷಿ, ಪ್ರತಿ ಸರ್ವಿಸಿನ ಕಿ.ಮೀ. ಅಲ್ಲಿ ನಮೂದಾಗಿರುತ್ತದೆ. ಮಾರುವವರನ್ನೇ ಕರೆದೊಯ್ದು ಅದನ್ನು ತೆಗೆಸಿ. ಬರುವುದಿಲ್ಲ ಎಂದರೆ ಅದೇ ಉತ್ತರ.

ಎಕ್ಸ್‌ಚೇಂಜ್‌ಗೆ ಹಳೆ ಕಾರು ಕೊಡುವವರು ಮಾಲೀಕತ್ವ ವರ್ಗಾವಣೆಯ ಖಾಲಿ ನಮೂನೆ 29, 30ಕ್ಕೆ ಸಹಿ ಹಾಕಿ ಬಂದುಬಿಡುತ್ತಾರೆ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರು ಕೈದಾಟಿ ಎಲ್ಲೋ ಯಾರಿಗೋ ಬಡಿದರೆ ನೋಟಿಸ್ ಬರುವುದು ಹೊಸನಗರದ ನಿಮ್ಮ ಮನೆಗೆ. 2023ರ ಏಪ್ರಿಲ್‌ನಿಂದ ಹಳೆ ವಾಹನಗಳ ಡೀಲರುಗಳಿಗೆ ಸಾರಿಗೆ ಇಲಾಖೆಯ ಅಧಿಕಾರಪತ್ರ ಬೇಕು. ಅಂಥ ಡೀಲರಿಗೆ ಕಾರು ಒಪ್ಪಿಸುವಾಗ ನಮೂನೆ 29ಸಿ ಮೂಲಕ ಆನ್‌ಲೈನಿನಲ್ಲಿ ತಿಳಿಸುವ ದಾರಿಯಿದೆ. ಅದರ ಸ್ವೀಕೃತಿ ಕೈಗೆ ಬರದೆ ಕೀಲಿ ಕೊಡಬೇಡಿ.

ಇಷ್ಟಾಗಿಯೂ ಮೋಸವಾದರೆ? ಹೋಗಬೇಕಾದದ್ದು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಕಾರನ್ನು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೊಂಡಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ಕಾಲಮಿತಿ ಎರಡು ವರ್ಷ. ‘ಮುಂದಿನ ಸರ್ವಿಸಿನಲ್ಲಿ ಸರಿ ಮಾಡೋಣ’ ಎಂದು ಅವರು ತಳ್ಳುವುದು, ನೀವು ಕಾಯುವುದು, ಹೀಗೇ ಆ ಎರಡು ವರ್ಷ ಕಳೆದಿರುತ್ತದೆ. ಮೊದಲು 1915 ಸಹಾಯವಾಣಿಗೆ ದೂರು ಕೊಟ್ಟು ಸಂಖ್ಯೆ ಪಡೆಯಿರಿ. ಆಮೇಲೆ 15 ದಿನದ ನೋಟಿಸನ್ನು ಸ್ವೀಕೃತಿ ಸಮೇತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಕರೆ ಸಂಖ್ಯೆ 15100. ಬಾಡಿಗೆಗೆ ಓಡಿಸುವ ಪಿಕಪ್ಪಾದರೂ ಅದು ನಿಮ್ಮ ಸ್ವಂತ ದುಡಿಮೆಯ ಜೀವನೋಪಾಯವಾಗಿದ್ದರೆ ನೀವು ಗ್ರಾಹಕರೇ.

ಪ್ರಕರಣ ಬಿದ್ದುಹೋಗುವುದು ಬಹುಪಾಲು ಜಾಬ್ ಕಾರ್ಡಿನಲ್ಲಿ, ಅಂದರೆ ಕಾರು ಸರ್ವಿಸಿಗೆ ಬಿಟ್ಟಾಗ ನಿಮ್ಮ ದೂರು ಬರೆದುಕೊಳ್ಳುವ ಹಾಳೆಯಲ್ಲಿ. ‘ಮೂರನೇ ಗೇರಿನಲ್ಲಿ ಏರು ಹತ್ತುವಾಗ ಎಳೆತ ನಿಲ್ಲುತ್ತದೆ’ ಎಂದು ನೀವು ಹೇಳಿದ್ದನ್ನು ಅವರು ‘ಜನರಲ್ ಚೆಕಪ್’ ಎಂದು ಬರೆದಿರುತ್ತಾರೆ. ಐದು ಸಲ ಒಯ್ದರೂ ದಾಖಲೆಯಲ್ಲಿ ದೋಷವೇ ಇಲ್ಲ! ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಪಡೆಯಿರಿ. ಎರಡನೆಯದು ಪರಿಹಾರ ಕೇಳುವ ರೀತಿ. ಬಿಡಿಭಾಗ ಬದಲಿಸಿ ಸರಿಪಡಿಸಬಹುದಾದ ದೋಷಕ್ಕೆ ಇಡೀ ಕಾರು ಬದಲಿಸಿ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಹಾಗೆಯೇ ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯದ ಪ್ರಕರಣವೊಂದರಲ್ಲಿ ಹೊಸ ಕಾರೇ ಕೊಡಬೇಕೆಂಬ ಆದೇಶವನ್ನು 2022ರಲ್ಲಿ ಎತ್ತಿ ಹಿಡಿದಿದೆ. ಆದ್ದರಿಂದ ಬದಲಿ ಕಾರು, ಇಲ್ಲವೇ ಹಣ ವಾಪಸು, ಇಲ್ಲವೇ ದುರಸ್ತಿ, ವಾರಂಟಿ ವಿಸ್ತರಣೆ ಮತ್ತು ಪರಿಹಾರ ಎಂದು ಪರ್ಯಾಯವಾಗಿ ಕೇಳಬೇಕು. ತಯಾರಿಕಾ ದೋಷ ಎನ್ನುವಲ್ಲಿ ತಜ್ಞರ ವರದಿ ಇಲ್ಲದೆ ಹೋಗಬಾರದು. ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಕಲಮಿನಂತೆ ಆಯೋಗವೇ ಪರೀಕ್ಷೆಗೆ ಕಳಿಸಬಹುದು, ಅರ್ಜಿ ಮೊದಲ ದಿನವೇ ಹಾಕಿ. ವಾಟ್ಸ್‌ಆ್ಯಪ್ ಸಂದೇಶಗಳ ಮುದ್ರಿತ ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇರಲಿ, ಆ ಫೋನನ್ನು ಮಾರಿಬಿಡಬೇಡಿ. ಗೆದ್ದ ಮೇಲೂ ಹಣ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಕಲಮಿದೆ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಅಥವಾ ಕನಿಷ್ಠ 25,000 ದಂಡ, ಅಥವಾ ಎರಡೂ.

ಸಾರಿಗೆ ಅಧಿಕಾರಿಗಳೇ, ಇಷ್ಟೆಲ್ಲ ಹೊರೆಯನ್ನು ಕೊಳ್ಳುವವರ ತಲೆಗೆ ಕಟ್ಟಿ ಸುಮ್ಮನಿರುವುದು ನ್ಯಾಯವಲ್ಲ. ತಮ್ಮ ಕೈಯಲ್ಲಿ ಅಧಿಕಾರವಿದೆ. ಕೇಂದ್ರ ಮೋಟಾರು ವಾಹನ ನಿಯಮ 42ರಂತೆ ತಾತ್ಕಾಲಿಕವೋ ಕಾಯಮೋ ನೋಂದಣಿಯಾಗದ ವಾಹನವನ್ನು ಡೀಲರ್ ಕೊಳ್ಳುವವರಿಗೆ ಒಪ್ಪಿಸುವಂತಿಲ್ಲ. ಮೀರಿದರೆ ನಿಯಮ 44ರಂತೆ ವ್ಯಾಪಾರ ಪ್ರಮಾಣಪತ್ರವನ್ನು ಅಮಾನತು ಮಾಡಬಹುದು. ನೋಂದಣಿ ಅರ್ಜಿ ಹಾಕದ ಡೀಲರಿಗೆ ಮೋಟಾರು ವಾಹನ ಕಾಯ್ದೆಯ 192ಬಿ ಕಲಮಿನಲ್ಲಿ ವಾರ್ಷಿಕ ತೆರಿಗೆಯ 15 ಪಟ್ಟು ಅಥವಾ ಜೀವಾವಧಿ ತೆರಿಗೆ, ಯಾವುದು ಹೆಚ್ಚೋ ಅಷ್ಟು ದಂಡವಿದೆ. ಆಯುಧ ಪೂಜೆಯ ಹಿಂದಿನ ದಿನ ಶೋರೂಮುಗಳ ಮುಂದೆ ಸಾಲುಗಟ್ಟುವ ಕಾರುಗಳಲ್ಲಿ ನೋಂದಣಿ ಆದವೆಷ್ಟು ಎಂದು ಒಂದು ಮಧ್ಯಾಹ್ನ ಎಣಿಸಿದರೆ ಸಾಕು.

ನಾವು ಕೇಳುವುದು ಹೊಸ ಕಾನೂನಲ್ಲ. ಬಾಕಿ ಹಣ ಪಡೆಯುವ ಕನಿಷ್ಠ ಎರಡು ದಿನ ಮೊದಲು ಚಾಸಿ ನಂಬರ್ ಮತ್ತು ತಯಾರಾದ ತಿಂಗಳನ್ನು ಕೊಳ್ಳುವವರಿಗೆ ಬರಹದಲ್ಲಿ ಕೊಡಬೇಕು, ಯಾರ್ಡಿನಲ್ಲೇ ಕಾರು ತೋರಿಸಬೇಕು ಎಂದು ಕೆಎ 14 ಮತ್ತು ಕೆಎ 15 ವ್ಯಾಪ್ತಿಯ ಪ್ರತಿ ಡೀಲರಿಗೂ ಲಿಖಿತ ಸೂಚನೆ ಕಳಿಸಿ. ನೋಂದಣಿ ಶುಲ್ಕದ ನಿಜವಾದ ಅಂಕಿಗಳನ್ನು ಬಿಲ್ಲಿಂಗ್ ಕೌಂಟರಿನ ಮೇಲೆ ಕನ್ನಡದಲ್ಲಿ, ಆಳೆತ್ತರದ ಅಕ್ಷರದಲ್ಲಿ ಬರೆಸಿ. ಅಧಿಕಾರಪತ್ರ ಪಡೆದ ಹಳೆ ಕಾರು ಡೀಲರುಗಳ ಪಟ್ಟಿಯನ್ನು ಕಚೇರಿಯ ಸೂಚನಾ ಫಲಕಕ್ಕೆ ಹಾಕಿ. ತಿಂಗಳಿಗೊಮ್ಮೆ, ಮುನ್ಸೂಚನೆಯಿಲ್ಲದೆ, ಒಂದು ಸ್ಟಾಕ್‌ಯಾರ್ಡಿಗೆ ಇನ್ಸ್‌ಪೆಕ್ಟರೊಬ್ಬರನ್ನು ಕಳಿಸಿ, ಹತ್ತು ಕಾರುಗಳ ಚಾಸಿ ನಂಬರನ್ನು ಪೆನ್ಸಿಲ್ ಉಜ್ಜಿ ಎತ್ತಿಸಿ, ನಮೂನೆ 21ರೊಂದಿಗೆ ತಾಳೆ ನೋಡಿಸಿ. ಮೊದಲ ತಪಾಸಣೆ ಈ ಸಲದ ನವರಾತ್ರಿಗೆ ಮುಂಚೆ, ಪಿತೃಪಕ್ಷದಲ್ಲೇ ಆಗಲಿ. ಹಬ್ಬಕ್ಕೆಂದು ತರಿಸಿದ ಕಾರುಗಳು ಮಾರಾಟವಾಗದೆ ಯಾರ್ಡಿನಲ್ಲಿ ತುಂಬಿ ನಿಂತಿರುವ ಹದಿನೈದು ದಿನ ಅದು.

ಇಂತಿ,
ಗ್ರಾಹಕ ಪ್ರಕರಣಗಳನ್ನು ನಡೆಸುವ ವಕೀಲರು, ಶಿವಮೊಗ್ಗ